ಪ್ರತಿಭಟನೆ ದಾಖಲಿಸಿತು ಅಂತ ಬರೆದು ಬಿಟ್ಟರೆ ಸಾಲದು

ಸಂಪಾದಕರಿಗೆ ನಮಸ್ಕಾರ.

ಗಡಿಯಲ್ಲೋ ಸಮುದ್ರದಲ್ಲೋ ಏನಾದರೂ ನಡೆದ ಮಾರನೇ ದಿನ ನಿಮ್ಮ ಮುಖಪುಟದಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ. ವಿದೇಶಾಂಗ ಸಚಿವಾಲಯ ಆ ದೇಶದ ರಾಯಭಾರಿಯನ್ನು ಕರೆಸಿಕೊಂಡು ತೀವ್ರ ಪ್ರತಿಭಟನೆ ದಾಖಲಿಸಿತು ಅಂತ. ಓದಿದವರಲ್ಲಿ ಎರಡು ಪಂಗಡ. ಒಂದು ಪಂಗಡಕ್ಕೆ ಅದು ಛೀಮಾರಿ, ತಕ್ಕ ಶಾಸ್ತಿ, ಇನ್ನೇನು ಗೆದ್ದೇಬಿಟ್ಟೆವು. ಇನ್ನೊಂದು ಪಂಗಡಕ್ಕೆ ಬರೀ ನಗು. ಕಾಗದ ಬರೆಯೋದು ಬಿಟ್ಟು ಇವರ ಕೈಲಿ ಇನ್ನೇನಾಗುತ್ತೆ ಅಂತ ವಾಟ್ಸಾಪ್‌ನಲ್ಲಿ ಜೋಕು ಓಡಾಡುತ್ತದೆ. ನಿಮ್ಮ ಶೀರ್ಷಿಕೆ ಮೊದಲನೇ ಪಂಗಡದ ಕಡೆ ವಾಲುತ್ತದೆ, ಒಮ್ಮೊಮ್ಮೆ ಅದೇ ಪುಟದ ವ್ಯಂಗ್ಯಚಿತ್ರ ಎರಡನೇ ಪಂಗಡದ ಕಡೆ. ನನ್ನ ತಕರಾರು ಎರಡರ ಮೇಲೂ ಇದೆ. ಆ ಕಾಗದಕ್ಕೆ ಒಂದು ಕೆಲಸ ಇದೆ, ಆ ಕೆಲಸ ಏನು ಅಂತ ನೀವು ಓದುಗರಿಗೆ ಹೇಳುತ್ತಿಲ್ಲ.

ನಾನು ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ವಿದೇಶಾಂಗ ವಿಷಯದಲ್ಲಿ ಪಂಡಿತನೇನಲ್ಲ, ಓದುವ ಚಟ ಇದೆ ಅಷ್ಟೇ. ಆದರೆ ತಕರಾರು ಅರ್ಜಿ ಅಂದರೆ ಏನು ಅನ್ನೋದು ಚೆನ್ನಾಗಿ ಗೊತ್ತು. ಜಮೀನಿನ ಖಾತೆ ಬದಲಾಗುವ ಮುಂಚೆ ನೋಟಿಸ್ ಹೊರಡುತ್ತದೆ. ಗಡುವಿನೊಳಗೆ ಯಾರೂ ಬಾಯಿ ಬಿಡದಿದ್ದರೆ ಖಾತೆ ಆಗಿಹೋಗುತ್ತದೆ. ಒಂದೇ ಒಂದು ಹಾಳೆ ತಕರಾರು ಬಂದರೆ ಸಾಕು, ಅದು ಬೇರೆ ವಹಿಗೆ ಹೋಗುತ್ತದೆ, ವಿಚಾರಣೆ ಮಾಡಲೇಬೇಕು. ಆ ಹಾಳೆಯಿಂದ ಜಮೀನು ಯಾರಿಗೂ ಸಿಗುವುದಿಲ್ಲ. ಆದರೆ ಜಮೀನು ಸದ್ದಿಲ್ಲದೆ ಕೈಬಿಟ್ಟು ಹೋಗುವುದೂ ಇಲ್ಲ. ದೇಶ ದೇಶಗಳ ನಡುವೆ ಪ್ರತಿಭಟನಾ ಪತ್ರ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ವ್ಯತ್ಯಾಸ ಏನೆಂದರೆ ಅಲ್ಲಿ ತಹಶೀಲ್ದಾರರು ಇಲ್ಲ. ಹಾಗಾಗಿ ಆ ಕಾಗದದ ಬೆಲೆ ಇನ್ನೂ ಜಾಸ್ತಿ.

ಇದು ಬರೀ ಮಾತಲ್ಲ. ಸುಮ್ಮನಿದ್ದು ಒಂದು ದೇವಸ್ಥಾನವನ್ನೇ ಕಳೆದುಕೊಂಡ ದೇಶ ಇದೆ. ಥಾಯ್ಲೆಂಡ್.

ಥಾಯ್ಲೆಂಡ್ ಮತ್ತು ಕಾಂಬೋಡಿಯಾ ನಡುವೆ ಡಾಂಗ್ರೆಕ್ ಅನ್ನೋ ಬೆಟ್ಟಸಾಲು. ಅದರ ಅಂಚಿನಲ್ಲಿ, ಕೆಳಗೆ ಕಾಂಬೋಡಿಯಾದ ಬಯಲು ಚಾಚಿಕೊಂಡಿರುವ ಕಡಿದಾದ ಬಂಡೆಯ ಮೇಲೆ, ಪ್ರೇಹ್ ವಿಹಾರ ಎಂಬ ಹಳೇ ಶಿವ ದೇವಾಲಯ. ಖ್ಮೇರ್ ರಾಜರು ಕಟ್ಟಿಸಿದ್ದು, ಅಲ್ಲಿನ ಶಿವನಿಗೆ ಶಿಖರೇಶ್ವರ ಅಂತ ಹೆಸರು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕಾಂಬೋಡಿಯಾ ಫ್ರಾನ್ಸಿನ ಕೈಯಲ್ಲಿತ್ತು, ಥಾಯ್ಲೆಂಡಿಗೆ ಸಯಾಮ್ ಎನ್ನುತ್ತಿದ್ದರು. 1904ರಲ್ಲಿ ಇಬ್ಬರೂ ಒಪ್ಪಂದ ಮಾಡಿಕೊಂಡರು. ಮಳೆ ನೀರು ಎರಡು ಕಡೆಗೆ ಹಂಚಿಹೋಗುವ ಬೆಟ್ಟದ ಏಣೇ ಗಡಿ ಅಂತ. ಆ ಲೆಕ್ಕದಲ್ಲಿ ದೇವಸ್ಥಾನ ನಮ್ಮದು ಅನ್ನುವುದು ಥಾಯ್ ವಾದ. ಆದರೆ ನಕ್ಷೆ ತಯಾರಿಸಿದವರು ಫ್ರೆಂಚ್ ಅಧಿಕಾರಿಗಳು, ಅದೂ ಸಯಾಮ್ ಸರ್ಕಾರವೇ ಕೇಳಿಕೊಂಡಿದ್ದಕ್ಕೆ. 1908ರಲ್ಲಿ ನಕ್ಷೆ ಕೈಗೆ ಬಂತು. ಅದರಲ್ಲಿ ದೇವಸ್ಥಾನ ಕಾಂಬೋಡಿಯಾದ ಒಳಗಿತ್ತು.

ಸಯಾಮ್ ಏನು ಮಾಡಬೇಕಿತ್ತು? ಇದು ಒಪ್ಪಂದದ ಪ್ರಕಾರ ಇಲ್ಲ, ಸರಿಪಡಿಸಿ ಅಂತ ಒಂದು ಕಾಗದ. ಅದನ್ನು ಬರೆಯಲಿಲ್ಲ. ಅವರ ಒಳಾಡಳಿತ ಮಂತ್ರಿ ರಾಜಕುಮಾರ ದಾಮ್ರೋಂಗ್ ನಕ್ಷೆಗಾಗಿ ಕೃತಜ್ಞತೆ ಹೇಳಿ, ಪ್ರಾಂತ್ಯಗಳ ಗವರ್ನರ್‌ಗಳಿಗೆ ಹಂಚಬೇಕು, ಇನ್ನೂ 15 ಪ್ರತಿ ಕಳಿಸಿಕೊಡಿ ಅಂತ ಕೇಳಿದರು!

ಅಷ್ಟಕ್ಕೇ ನಿಲ್ಲಲಿಲ್ಲ. 1930ರಲ್ಲಿ ಅದೇ ದಾಮ್ರೋಂಗ್ ದೇವಸ್ಥಾನ ನೋಡಲು ಹೋದರು. ಅಷ್ಟು ಹೊತ್ತಿಗೆ ಅವರು ಮಂತ್ರಿ ಅಲ್ಲ, ಆದರೂ ರಾಜಮನೆತನದವರು, ಸರ್ಕಾರದ ಕೆಲಸದ ಮೇಲೇ ಹೋಗಿದ್ದವರು. ಅಲ್ಲಿ ಫ್ರೆಂಚ್ ಅಧಿಕಾರಿ ಫ್ರೆಂಚ್ ಬಾವುಟ ಹಾರಿಸಿ, ಮನೆಗೆ ಬಂದ ನೆಂಟರನ್ನು ಎದುರುಗೊಳ್ಳುವ ಹಾಗೆ ಸ್ವಾಗತ ಮಾಡಿದ. ಇದು ನಿಮ್ಮ ಮನೆಯಲ್ಲ, ನಮ್ಮದು ಅಂತ ಆಗಲೂ ಬ್ಯಾಂಕಾಕ್ ಹೇಳಲಿಲ್ಲ. ವಾಪಸು ಹೋದ ಮೇಲೆ ದಾಮ್ರೋಂಗ್ ಅಲ್ಲಿ ತೆಗೆದ ಫೋಟೋಗಳನ್ನೂ ಕಳಿಸಿಕೊಟ್ಟರು. ಆಮೇಲೆ 1930ರ ದಶಕದಲ್ಲಿ ಥಾಯ್ ಸರ್ವೆಯವರೇ ಅಳೆದು ನೋಡಿ ನಕ್ಷೆಗೂ ನೆಲಕ್ಕೂ ತಾಳೆ ಇಲ್ಲ ಅಂತ ಕಂಡುಕೊಂಡರು. ಆಗಲಾದರೂ ಕಾಗದ ಹೋಯಿತಾ? ಇಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ 1947ರಲ್ಲಿ ಗಡಿ ವಿಷಯ ಮಾತಾಡಲೆಂದೇ ಒಂದು ಆಯೋಗ ವಾಷಿಂಗ್ಟನ್‌ನಲ್ಲಿ ಕೂತಿತ್ತು. ಅಲ್ಲೂ ಈ ದೇವಸ್ಥಾನದ ಹೆಸರು ಎತ್ತಲಿಲ್ಲ. ಇದರ ನಡುವೆ ತಮ್ಮ ಕಾವಲುಗಾರರನ್ನು ಮಾತ್ರ ದೇವಸ್ಥಾನದಲ್ಲಿ ಇಟ್ಟರು. ಅದನ್ನು ಫ್ರಾನ್ಸ್ 1949ರಲ್ಲಿ ಪತ್ರ ಬರೆದು ಪ್ರಶ್ನೆ ಮಾಡಿತು, ಮತ್ತೆ ಬರೆಯಿತು. ಥಾಯ್ ಕಡೆಯಿಂದ ಉತ್ತರವೇ ಇಲ್ಲ.

ಕಚೇರಿಯಲ್ಲಿ ಫೈಲು ನೋಡಿದವನಿಗೆ ಇದನ್ನು ಓದುವಾಗ ಹೊಟ್ಟೆ ಉರಿಯುತ್ತದೆ.

ಸ್ವತಂತ್ರವಾದ ಕಾಂಬೋಡಿಯಾ 1959ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. (ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ 1952ರಲ್ಲಿ ಜಡ್ಜ್ ಆಗಿ ಕೂತಿದ್ದ ಕೋರ್ಟು ಇದೇ. ಪಾಪ, ಮಾರನೇ ವರ್ಷವೇ ತೀರಿಕೊಂಡರು.) 1962ರ ಜೂನ್ 15ರಂದು ತೀರ್ಪು ಬಂತು. 9 ಮಂದಿ ಜಡ್ಜ್‌ಗಳು ಕಾಂಬೋಡಿಯಾ ಕಡೆ, 3 ಮಂದಿ ವಿರುದ್ಧ. ನೀರು ಎತ್ತ ಹರಿಯುತ್ತದೆ ಅನ್ನುವ ಪ್ರಶ್ನೆಗೆ ಕೋರ್ಟು ಹೋಗಲೇ ಇಲ್ಲ. ನಕ್ಷೆ ಕೈಗೆ ಬಂದಾಗ ನೀವು ಹೇಳಬಹುದಿತ್ತು, ಹೇಳಬೇಕಿತ್ತು, ಹೇಳಲಿಲ್ಲ, ಆದ್ದರಿಂದ ಒಪ್ಪಿದಿರಿ ಅಂತಲೇ ಅರ್ಥ ಅಂದಿತು. ಮೌನಂ ಸಮ್ಮತಿ ಲಕ್ಷಣಂ ಅಂತ ನಾವು ಅನ್ನುತ್ತೇವಲ್ಲ, ಅದೇ. ಥಾಯ್ ಸರ್ಕಾರ ತೀರ್ಪಾದ ಕೆಲವೇ ವಾರಗಳಲ್ಲಿ ವಿಶ್ವಸಂಸ್ಥೆಯ ಹಂಗಾಮಿ ಮಹಾಕಾರ್ಯದರ್ಶಿ ಊ ಥಾಂಟ್‌ಗೆ ಪತ್ರ ಬರೆದು, ಈ ತೀರ್ಪು ನಮಗೆ ಒಪ್ಪಿಗೆ ಇಲ್ಲ, ಪಾಲಿಸುತ್ತೇವೆ, ಆದರೆ ನಮ್ಮ ಹಕ್ಕು ಕಾಯ್ದಿರಿಸಿಕೊಂಡಿದ್ದೇವೆ ಅಂತ ತಿಳಿಸಿತು. 54 ವರ್ಷದ ಹಿಂದೆ ಬರೆಯಬೇಕಿದ್ದ ಪತ್ರ ಕೊನೆಗೂ ಹೊರಟಿತು, ಬೇರೆ ವಿಳಾಸಕ್ಕೆ. ಬೆಟ್ಟದ ಮೇಲಿದ್ದ ಬಾವುಟವನ್ನು ಅವರ ಸೈನಿಕರು ಇಳಿಸಲಿಲ್ಲವಂತೆ, ಕಂಬ ಸಮೇತ ಕಿತ್ತು ಹೊತ್ತುಕೊಂಡು ಹೋದರು.

ಇದಕ್ಕೆ ತದ್ವಿರುದ್ಧ ಕತೆ ಮೆಕ್ಸಿಕೋದ್ದು. ಅಮೆರಿಕಕ್ಕೂ ಮೆಕ್ಸಿಕೋಗೂ ರಿಯೋ ಗ್ರಾಂಡೆ ನದಿ ಗಡಿ. ಎಲ್ ಪಾಸೊ ಊರಿನ ಹತ್ತಿರ ಆ ನದಿ ದಕ್ಷಿಣಕ್ಕೆ ಸರಿಯುತ್ತಾ ಬಂತು, 1864ರ ಪ್ರವಾಹದಲ್ಲಂತೂ ಬಹಳವೇ ಸರಿಯಿತು. ಮೆಕ್ಸಿಕೋದ ಸುಮಾರು 600 ಎಕರೆ ನೆಲ ನದಿಯ ಈಚೆ, ಅಮೆರಿಕದ ದಡಕ್ಕೆ ಬಂದುಬಿಟ್ಟಿತು. ಚಮಿಸಾಲ್ ಅಂತ ಅದರ ಹೆಸರು. ಅಮೆರಿಕನ್ನರು ಮನೆ ಕಟ್ಟಿದರು, ಬೀದಿ ಮಾಡಿದರು, ಎಲ್ ಪಾಸೊದ ಒಂದು ಭಾಗವೇ ಆಯಿತು. ಮೆಕ್ಸಿಕೋ ಏನು ಮಾಡಲು ಸಾಧ್ಯವಿತ್ತು? 1840ರ ದಶಕದ ಯುದ್ಧದಲ್ಲಿ ಆಗಲೇ ದೇಶದ ಅರ್ಧದಷ್ಟು ನೆಲ ಕಳೆದುಕೊಂಡಿದ್ದ ದೇಶ ಅದು. ಸೈನ್ಯ ಕಳಿಸಿದ್ದರೆ ಇನ್ನಷ್ಟು ಹೋಗುತ್ತಿತ್ತು. ಹಾಗಾಗಿ ಪತ್ರ ಬರೆಯಿತು. ಬರೆಯುತ್ತಲೇ ಇತ್ತು.

1911ರಲ್ಲಿ ಇಬ್ಬರೂ ಒಪ್ಪಿ ಪಂಚಾಯ್ತಿಗೆ ಕೂತರು. ಒಬ್ಬ ಅಮೆರಿಕದವನು, ಒಬ್ಬ ಮೆಕ್ಸಿಕೋದವನು, ನಡುವೆ ಕೆನಡಾದ ಒಬ್ಬ ವಕೀಲ. ಇಷ್ಟು ವರ್ಷದಿಂದ ನಮ್ಮ ಅನುಭವದಲ್ಲಿದೆ, ಆದ್ದರಿಂದ ನಮ್ಮದೇ ಅಂತ ಅಮೆರಿಕ ವಾದಿಸಿತು. ಪಂಚಾಯ್ತಿ ಅದನ್ನು ಒಪ್ಪಲಿಲ್ಲ. ಮೆಕ್ಸಿಕೋ ಸುಮ್ಮನಿರಲಿಲ್ಲವಲ್ಲ, ತಕರಾರು ಹೇಳುತ್ತಲೇ ಬಂದಿದೆ, ಬಲವಂತವಾಗಿ ನೆಲ ವಾಪಸು ಪಡೆಯಲು ಹೋಗಿದ್ದರೆ ರಕ್ತ ಹರಿಯುತ್ತಿತ್ತು, ಸೌಮ್ಯ ದಾರಿ ಹಿಡಿದದ್ದಕ್ಕೆ ಅದನ್ನು ದೂರಲಾಗದು ಎಂಬ ಅರ್ಥದಲ್ಲಿ ತೀರ್ಪು ಕೊಟ್ಟಿತು. ನನಗೆ ಈ ಮಾತು ತುಂಬಾ ಹಿಡಿಸಿತು. ಜಗಳ ಆಡದೆ ಕಾಗದ ಬರೆದದ್ದು ಹೇಡಿತನ ಅಲ್ಲ ಅಂತ ಒಂದು ತೀರ್ಪೇ ಹೇಳಿದ ಹಾಗಾಯಿತು.

ಅಮೆರಿಕ ಆ ತೀರ್ಪನ್ನು ಒಪ್ಪಲಿಲ್ಲ, ಅದು ಬೇರೆ ಮಾತು. ಬಲ ಇದ್ದವರು ಹಾಗೇ. ಆದರೆ ಕಡತ ಹೋಗಲಿಲ್ಲ. 50 ವರ್ಷ ಕಳೆದು, ಕ್ಯೂಬಾ ಗಲಾಟೆ ಆದ ಮೇಲೆ, ಲ್ಯಾಟಿನ್ ಅಮೆರಿಕದ ದೇಶಗಳ ಸ್ನೇಹ ಬೇಕು ಅಂತ ಕೆನಡಿ ಸರ್ಕಾರಕ್ಕೆ ಅನ್ನಿಸಿದಾಗ ಆ ಹಳೇ ತೀರ್ಪು ಕೈಗೆ ಸಿಕ್ಕಿತು. 1963ರಲ್ಲಿ ಒಪ್ಪಂದ ಆಯಿತು. ಲೆಕ್ಕಾಚಾರ ಎಲ್ಲ ಮುಗಿದ ಮೇಲೆ ಮೆಕ್ಸಿಕೋಗೆ 437 ಎಕರೆ ವಾಪಸು ಬಂತು. ನದಿ ಇನ್ನೊಮ್ಮೆ ಆಟ ಆಡದಿರಲಿ ಅಂತ ಕಾಂಕ್ರೀಟ್ ಕಾಲುವೆ ಕಟ್ಟಿ ಅದರಲ್ಲಿ ಹರಿಸಿದರು. ಎಲ್ ಪಾಸೊ ಕಡೆ 5 ಸಾವಿರಕ್ಕೂ ಹೆಚ್ಚು ಜನ ಮನೆ ಖಾಲಿ ಮಾಡಬೇಕಾಯಿತು, ಅವರ ಕಷ್ಟ ಯಾರೂ ಕೇಳಲಿಲ್ಲ, ಅದನ್ನೂ ಹೇಳಬೇಕು. ಆದರೆ ಸುಮಾರು ನೂರು ವರ್ಷದ ಜಗಳ ಒಂದು ಗುಂಡೂ ಹಾರದೆ ಮುಗಿಯಿತು.

ಇನ್ನೊಂದು ಉದಾಹರಣೆ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಸಿಂಗಾಪುರದ ಪೂರ್ವಕ್ಕೆ ಪೆಡ್ರಾ ಬ್ರಾಂಕಾ ಅನ್ನೋ ಒಂದು ಬಂಡೆ ದ್ವೀಪ, ಮೇಲೆ 1851ರ ದೀಪಸ್ತಂಭ. 1979ರ ಡಿಸೆಂಬರ್‌ನಲ್ಲಿ ಮಲೇಷ್ಯಾ ಅದನ್ನು ತನ್ನದೆಂದು ತೋರಿಸಿ ನಕ್ಷೆ ಪ್ರಕಟಿಸಿತು. ಎರಡು ತಿಂಗಳೊಳಗೆ, 1980ರ ಫೆಬ್ರುವರಿ 14ಕ್ಕೆ, ಸಿಂಗಾಪುರದ ಪ್ರತಿಭಟನಾ ಪತ್ರ ಹೋಯಿತು. ವಿವಾದ ಹುಟ್ಟಿದ ದಿನ ಇದೇ ಅಂತ ಮುಂದೆ ಹೇಗ್‌ನ ಕೋರ್ಟು ಆ ತಾರೀಖನ್ನೇ ಹಿಡಿಯಿತು. ಮೊದಲು ಆ ಬಂಡೆ, ಇವತ್ತು ಮಲೇಷ್ಯಾದ ಭಾಗವಾಗಿರುವ ಜೋಹೋರ್‌ನ ಸುಲ್ತಾನರದೇ ಆಗಿತ್ತು ಅಂತಲೂ ಕೋರ್ಟು ಒಪ್ಪಿತು. ಆದರೂ 2008ರಲ್ಲಿ ತೀರ್ಪು ಸಿಂಗಾಪುರದ ಕಡೆ ಆಯಿತು. ಯಾಕೆಂದರೆ ಸಿಂಗಾಪುರ ಅಲ್ಲಿ ಬಾವುಟ ಹಾರಿಸಿದಾಗ, 1977ರಲ್ಲಿ ಮಿಲಿಟರಿ ರೇಡಿಯೋ ಉಪಕರಣ ಕೂರಿಸಿದಾಗ, ಮಲೇಷ್ಯಾ ತಕರಾರು ಹೇಳಿರಲಿಲ್ಲ. 1953ರಲ್ಲಂತೂ ಜೋಹೋರ್‌ನ ಒಬ್ಬ ಅಧಿಕಾರಿ ಆ ಬಂಡೆ ನಮ್ಮದು ಅಂತ ನಾವು ಹೇಳುತ್ತಿಲ್ಲ ಅಂತ ಕಾಗದವನ್ನೇ ಬರೆದುಕೊಟ್ಟಿದ್ದ. ಕಾಗದ ಬರೆಯದಿದ್ದರೂ ಕಷ್ಟ, ಯೋಚನೆ ಮಾಡದೆ ಬರೆದರೂ ಕಷ್ಟ.

ಈಗ ನಮ್ಮ ಮನೆಗೆ ಬರೋಣ. ಪ್ರತಿಭಟನಾ ಪತ್ರದ ಬಗ್ಗೆ ನಮ್ಮವರಿಗೆ ಇರುವ ತಾತ್ಸಾರಕ್ಕೆ ಒಂದು ಕಾರಣ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅಕ್ಸಾಯ್ ಚಿನ್. ಚೀನಾ ಅಲ್ಲಿ ರಸ್ತೆ ಮಾಡಿ ಮುಗಿಸಿದ್ದು 1957ರಲ್ಲಿ, ತಾನೇ ಪ್ರಕಟಿಸಿ. ನಮ್ಮ ಪತ್ರ ಹೋದದ್ದು 1958ರ ಅಕ್ಟೋಬರ್ 18ಕ್ಕೆ. ಆ ಪತ್ರದಲ್ಲಿ, ನಮ್ಮ ನೆಲದಲ್ಲಿ ನಮ್ಮನ್ನು ಕೇಳದೆ ರಸ್ತೆ ಮಾಡಿದ್ದೀರಿ ಅನ್ನುವುದರ ಜೊತೆಗೆ, ಅಲ್ಲಿ ಕೆಲಸ ಮಾಡಿದ ಕೂಲಿಗಳು ಭಾರತದ ವೀಸಾ ತೆಗೆದುಕೊಂಡಿಲ್ಲ ಅನ್ನುವ ದೂರೂ ಇತ್ತು! ಕಾನೂನಿನ ಪ್ರಕಾರ ಸರಿಯೇ, ನಮ್ಮ ನೆಲ ಅಂದ ಮೇಲೆ ವೀಸಾ ಬೇಕಲ್ಲ. ಆದರೂ ಓದಿದರೆ ನಗು ಬರುತ್ತದೆ, ಆಮೇಲೆ ನಗು ನಿಲ್ಲುತ್ತದೆ. ಅದೇ ಪತ್ರದಲ್ಲಿ ನಮ್ಮ ಕಾಣೆಯಾದ ಗಸ್ತು ತಂಡ ಎಲ್ಲಿ ಅಂತಲೂ ಕೇಳಿತ್ತು. ಅವರು ನಮ್ಮ ಗಡಿಯೊಳಗೆ ಬಂದಿದ್ದರು, ಹಿಡಿದು ಹೊರಗೆ ಕಳಿಸಿದ್ದೇವೆ ಅಂತ ಚೀನಾದ ಉತ್ತರ ಬಂತು.

1959ರ ಸೆಪ್ಟೆಂಬರ್‌ನಲ್ಲಿ ನೆಹರೂ ಸರ್ಕಾರ ಈ ಪತ್ರ ವ್ಯವಹಾರವನ್ನೆಲ್ಲ ಶ್ವೇತಪತ್ರ ಅಂತ ಸಂಸತ್ತಿನ ಮುಂದಿಟ್ಟಿತು. ಆಮೇಲೆ ಕಾಗದಗಳು ಹೆಚ್ಚಿದವು, ಶ್ವೇತಪತ್ರಗಳೂ ಒಂದರ ಮೇಲೊಂದು ಬಂದವು, 1962ರಲ್ಲಿ ಯುದ್ಧವೂ ಬಂತು. ಇದನ್ನು ನೋಡಿ ಪತ್ರ ಬರೆಯುವುದು ದಂಡ ಅಂತ ಜನ ತೀರ್ಮಾನಿಸಿದರು. ನಾನು ಹಾಗೆ ಓದುವುದಿಲ್ಲ. ಪತ್ರ ತಡವಾಗಿತ್ತು, ಪತ್ರದ ಹಿಂದೆ ರಸ್ತೆ ಇರಲಿಲ್ಲ, ಚಳಿಗೆ ತಕ್ಕ ಬಟ್ಟೆ ಇರಲಿಲ್ಲ, ಮಾತುಕತೆಯಲ್ಲಿ ಎಷ್ಟು ಬಿಡಬಹುದು ಎಷ್ಟು ಬಿಡಬಾರದು ಅನ್ನುವ ಲೆಕ್ಕ ಇರಲಿಲ್ಲ. ತಕರಾರು ಅರ್ಜಿ ಕೊಟ್ಟು ಹೊಲದ ಕಡೆ ತಲೆ ಹಾಕದವನ ತಪ್ಪಿಗೆ ಅರ್ಜಿಯನ್ನು ಬೈದು ಏನು ಪ್ರಯೋಜನ? ಆದರೂ ಆ ಪತ್ರಗಳಿಂದಾಗಿಯೇ ಅಕ್ಸಾಯ್ ಚಿನ್ ವಿವಾದದ ಜಾಗವಾಗಿ ಉಳಿದಿದೆ. ಭಾರತ ಒಪ್ಪಿಕೊಂಡ ಜಾಗ ಅಂತ ಬೀಜಿಂಗ್ ಇವತ್ತಿಗೂ ತೋರಿಸಲಾಗದು.

ಅದೇ ಚೀನಾ ಜೊತೆ 1965ರಲ್ಲಿ ನಡೆದ ಪತ್ರ ಸಮರ ಬೇರೆ ರೀತಿಯದು, ಓದಲು ಮಜವಾಗಿದೆ. ಪಾಕಿಸ್ತಾನದ ಜೊತೆ ನಾವು ಯುದ್ಧದಲ್ಲಿದ್ದಾಗ ಚೀನಾ ಗಡುವು ಹಾಕಿ ಒಂದು ಪತ್ರ ಕಳಿಸಿತು. ಸಿಕ್ಕಿಂ ಗಡಿಯಲ್ಲಿ ಕಟ್ಟಿರುವ ಠಾಣೆಗಳನ್ನು ಕೆಡವಿ, ನಿಮ್ಮ ಸೈನಿಕರು ಹಿಡಿದುಕೊಂಡು ಹೋದ 800 ಕುರಿ, 59 ಯಾಕ್ ವಾಪಸು ಕೊಡಿ ಅಂತ. ಆಗ ಇನ್ನೂ ನಲವತ್ತರ ಹರೆಯದ ಜನಸಂಘದ ನಾಯಕ ಅಟಲ್ ಬಿಹಾರಿ ವಾಜಪೇಯಿ ದಿಲ್ಲಿಯ ಚೀನಾ ರಾಯಭಾರ ಕಚೇರಿ ಮುಂದೆ ಕುರಿ ಮಂದೆಯನ್ನೇ ಹೊಡೆದುಕೊಂಡು ಹೋದರು. ಕುರಿಗಳ ಕೊರಳಲ್ಲಿ, ನಮ್ಮನ್ನು ತಿನ್ನಿ, ಜಗತ್ತನ್ನು ಉಳಿಸಿ ಅನ್ನೋ ಫಲಕ. ಚೀನಾ ಸಿಟ್ಟಾಗಿ ಅದಕ್ಕೂ ಒಂದು ಪ್ರತಿಭಟನಾ ಪತ್ರ ಬರೆಯಿತು. ಇದು ಭಾರತ ಸರ್ಕಾರದ ಬೆಂಬಲದಿಂದ ನಡೆದ ಹೀನ ನಾಟಕ ಅಂತ. ನಮ್ಮ ಸರ್ಕಾರ ತಣ್ಣಗೆ ಉತ್ತರ ಕೊಟ್ಟಿತು. ದಿಲ್ಲಿಯ ಕೆಲವು ನಾಗರಿಕರು ತಾವಾಗಿಯೇ ಮಾಡಿದ್ದು, ಶಾಂತವಾಗಿ, ನಗುನಗುತ್ತಾ ನಡೆಯಿತು, ಸರ್ಕಾರಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂತ. ಎರಡು ಕಡೆಯೂ ಕುರಿ ಲೆಕ್ಕದಲ್ಲಿ ಕಾಗದ ಖರ್ಚು ಮಾಡಿದ್ದು ಒಳ್ಳೆಯದೇ ಆಯಿತು ಅಂತ ನನ್ನ ಅನಿಸಿಕೆ. ಗಡುವು ಕಳೆಯಿತು, ಪಾಕಿಸ್ತಾನದ ಜೊತೆ ಕದನ ವಿರಾಮ ಆಯಿತು, ಎರಡನೇ ಯುದ್ಧರಂಗ ತೆರೆಯಲಿಲ್ಲ. ಕುರಿಯಿಂದಲೇ ತಪ್ಪಿತು ಅಂತ ನಾನು ಹೇಳುತ್ತಿಲ್ಲ. ಆದರೆ ಸಿಟ್ಟು ತೋರಿಸಲು ಬಂದೂಕಲ್ಲದ ಒಂದು ದಾರಿ ಇದ್ದರೆ, ಮುಖ ಉಳಿಸಿಕೊಂಡು ಹಿಂದೆ ಸರಿಯುವುದು ಸುಲಭ ಆಗುತ್ತದೆ, ಅಲ್ವಾ?

ಈಚಿನ ದಿನಗಳದ್ದು ನೋಡಿ. ಜಮ್ಮು ಕಾಶ್ಮೀರದವರಿಗೆ ಚೀನಾ ಪಾಸ್‌ಪೋರ್ಟಿನಲ್ಲಿ ವೀಸಾ ಅಂಟಿಸದೆ ಬೇರೆ ಹಾಳೆಯಲ್ಲಿ ಕೊಟ್ಟು ಪಿನ್ ಹೊಡೆಯಲು ಶುರುಮಾಡಿತು. ನೋಡಲು ಚಿಲ್ಲರೆ ವಿಷಯ, ಆದರೆ ಆ ನೆಲ ಭಾರತದ್ದು ಅಂತ ಒಪ್ಪುವುದಿಲ್ಲ ಅನ್ನುವುದು ಅದರ ಅರ್ಥ. ನಾವು ಆ ವೀಸಾ ಒಪ್ಪಲಿಲ್ಲ, ಹೊರಟವರನ್ನು ಇಮಿಗ್ರೇಶನ್‌ನಲ್ಲೇ ತಡೆದೆವು. 2010ರಲ್ಲಿ ಕಾಶ್ಮೀರದ ಹೊಣೆ ಹೊತ್ತಿದ್ದ ಒಬ್ಬ ಸೇನಾಧಿಕಾರಿಗೆ ವೀಸಾ ಕೊಡುವುದಿಲ್ಲ ಅಂದಾಗ ಸೇನಾ ಭೇಟಿಗಳನ್ನೇ ನಿಲ್ಲಿಸಿದೆವು. ಆಗ ವಿದೇಶಾಂಗ ಸಚಿವರಾಗಿದ್ದವರು ನಮ್ಮ ಮದ್ದೂರಿನ ಎಸ್.ಎಂ. ಕೃಷ್ಣ. ನಿಮಗೆ ಟಿಬೆಟ್, ತೈವಾನ್ ಎಷ್ಟು ಸೂಕ್ಷ್ಮವೋ ನಮಗೆ ಜಮ್ಮು ಕಾಶ್ಮೀರ ಅಷ್ಟೇ ಸೂಕ್ಷ್ಮ ಅಂತ ಅವರು ಚೀನಾದ ವಿದೇಶಾಂಗ ಸಚಿವರಿಗೆ ಹೇಳಿದ್ದು ಆಗ ಸುದ್ದಿಯಾಗಿತ್ತು. ಗಲಾಟೆ ಮಾಡಲಿಲ್ಲ, ಧ್ವನಿ ಏರಿಸಲಿಲ್ಲ. ಆಮೇಲಾಮೇಲೆ ಕಾಶ್ಮೀರದವರಿಗೆ ಸರಿಯಾದ ವೀಸಾ ಸಿಗತೊಡಗಿತು. 2023ರಲ್ಲಿ ಅರುಣಾಚಲದ ಮೂವರು ವುಶು (ಚೀನಾ ಮೂಲದ ಕಾದಾಟದ ಕ್ರೀಡೆ) ಆಟಗಾರ್ತಿಯರಿಗೆ ಅದೇ ಪಿನ್ ವೀಸಾ ಕೊಟ್ಟಾಗ ಪ್ರತಿಭಟನೆ ಹೇಳಿ ಸುಮ್ಮನಾಗದೆ ಇಡೀ ವುಶು ತಂಡವನ್ನೇ ಕಳಿಸಲಿಲ್ಲ. ಆ ಆಟಗಾರರಿಗೆ ನಷ್ಟ ಆಯಿತು, ಒಪ್ಪುತ್ತೇನೆ. ಆದರೆ ಮಾತಿನ ಹಿಂದೆ ಒಂದು ಕೆಲಸ ಇದ್ದದ್ದರಿಂದ ಮಾತಿಗೆ ತೂಕ ಬಂತು.

ಅರುಣಾಚಲದ ಊರು ಬೆಟ್ಟಗಳಿಗೆ ಚೀನಾ ತನ್ನ ಹೆಸರು ಇಡುವ ಪಟ್ಟಿಯೂ ಹಾಗೇ. 2017ರಲ್ಲಿ ಮೊದಲ ಪಟ್ಟಿ, ಆಮೇಲೆ 2021, 2023, 2024, 2025. ಪ್ರತಿ ಸಲವೂ ನಮ್ಮ ವಕ್ತಾರರು ಹೆಚ್ಚುಕಡಿಮೆ ಅದೇ ವಾಕ್ಯ ಹೇಳುತ್ತಾರೆ, ಹೆಸರಿಟ್ಟ ಮಾತ್ರಕ್ಕೆ ಸತ್ಯ ಬದಲಾಗದು ಅಂತ. ಅದನ್ನು ಕೇಳಿ ಕೇಳಿ ಜನಕ್ಕೆ ಬೇಜಾರು. ನಿಮ್ಮವರಿಗೂ ಬೇಜಾರು ಅಂತ ಕಾಣುತ್ತದೆ, ಸುದ್ದಿ ಪುಟದಿಂದ ಪುಟಕ್ಕೆ ಹಿಂದೆ ಸರಿಯುತ್ತಿದೆ. ಆದರೆ ಪ್ರೇಹ್ ವಿಹಾರದ ಕತೆ ಗೊತ್ತಿದ್ದವನು ಆ ವಾಕ್ಯವನ್ನು ಪ್ರತಿ ಸಲವೂ, ಬೇಜಾರಿಲ್ಲದೆ, ಹೇಳಲೇಬೇಕು ಅನ್ನುತ್ತಾನೆ. ಒಂದು ಸಲ ಬಿಟ್ಟರೆ, ಆ ವರ್ಷ ಯಾಕೆ ಸುಮ್ಮನಿದ್ದಿರಿ ಅಂತ ಮುಂದೆ ಕೇಳುವವರು ಇರುತ್ತಾರೆ.

ಇನ್ನು ಈ ಪತ್ರಗಳ ಭಾಷೆ. ಒಂದು ರಾಯಭಾರ ಕಚೇರಿ ಕಳಿಸುವ ನೋಟ್ ವರ್ಬಲ್, ಅಂದರೆ ಸಹಿ ಇಲ್ಲದ ಅಧಿಕೃತ ಪತ್ರ, ನಮಸ್ಕಾರದಿಂದ ಶುರುವಾಗಿ ಅತ್ಯುನ್ನತ ಗೌರವದ ಭರವಸೆಯೊಂದಿಗೆ ಮುಗಿಯುತ್ತದೆ. ನಡುವೆ ಎಂಥಾ ಬೈಗುಳ ಇದ್ದರೂ ಸರಿ. ಸಹಿ ಇರುವುದಿಲ್ಲ, ಬರೀ ಚುಟುಕು ಗುರುತು, ಮುದ್ರೆ. ನಾನು ಅಂತ ಯಾರೂ ಬರೆಯುವುದಿಲ್ಲ, ರಾಯಭಾರ ಕಚೇರಿ ಹೀಗೆ ತಿಳಿಸುತ್ತದೆ ಅಂತಲೇ. ಇದು ಬೂಟಾಟಿಕೆ ಅಂತ ಅನ್ನಿಸಬಹುದು. ಆದರೆ ವ್ಯಕ್ತಿ ವ್ಯಕ್ತಿಯ ಸಿಟ್ಟು ನಡುವೆ ಬಾರದ ಹಾಗೆ ಮಾಡಿಕೊಂಡ ಏರ್ಪಾಡು ಅದು. ಯಾರನ್ನು ಕರೆಸಿದರು, ಯಾರು ಕರೆಸಿದರು ಅನ್ನುವುದರಲ್ಲೂ ಲೆಕ್ಕ ಇದೆ. ಜಂಟಿ ಕಾರ್ಯದರ್ಶಿ ಕರೆದರೆ ಒಂದು ತೂಕ, ವಿದೇಶಾಂಗ ಕಾರ್ಯದರ್ಶಿ ಕರೆದರೆ ಇನ್ನೊಂದು. ಮಧ್ಯರಾತ್ರಿ ಕರೆದರೆ ಮತ್ತೊಂದು. ಸಿಬ್ಬಂದಿಯನ್ನು ಹೊರಗೆ ಕಳಿಸುವುದು, ರಾಯಭಾರಿಯನ್ನು ವಾಪಸು ಕರೆಸಿಕೊಳ್ಳುವುದು ಇನ್ನೂ ಮೇಲಿನ ಹಂತ. ಒಂದೊಂದು ಹಂತದಲ್ಲೂ ಎದುರಿನವನಿಗೆ ಯೋಚಿಸಲು ಸಮಯ ಸಿಗುತ್ತದೆ. ಎಲ್ಲ ಹಂತವನ್ನೂ ಒಂದೇ ವಾರದಲ್ಲಿ ಬಳಸಿ ಮುಗಿಸಿದರೆ ಆಮೇಲೆ ಉಳಿಯುವುದು ಏನು?

ಅದೂ ಥಾಯ್ಲೆಂಡ್, ಕಾಂಬೋಡಿಯಾ ನಡುವೆಯೇ ಕಣ್ಣಮುಂದೆ ನಡೆಯಿತು. 2025ರ ಮೇ ಕೊನೆಯಲ್ಲಿ ಗಡಿಯಲ್ಲಿ ಗುಂಡಿನ ಚಕಮಕಿ ಆಗಿ ಒಬ್ಬ ಕಾಂಬೋಡಿಯಾ ಸೈನಿಕ ಸತ್ತ. ಜೂನ್‌ನಲ್ಲಿ ಥಾಯ್ ಪ್ರಧಾನಿ ಪೇಟೊಂಗ್‌ಟಾರ್ನ್ ಶಿನವಾತ್ರ ಕಾಂಬೋಡಿಯಾದ ಹಳೇ ನಾಯಕ ಹುನ್ ಸೆನ್‌ಗೆ ನೇರ ಫೋನ್ ಮಾಡಿ, ಅಂಕಲ್ ಅಂತ ಕರೆದು, ತಮ್ಮದೇ ಸೇನೆಯ ಒಬ್ಬ ಕಮಾಂಡರ್ ಬಗ್ಗೆ ಏನೋ ಹೇಳಿದರು. ಆ ಮಾತು ರೆಕಾರ್ಡ್ ಆಗಿ ಹೊರಗೆ ಬಂತು. ಆಗಸ್ಟ್ ಮುಗಿಯುವಷ್ಟರಲ್ಲಿ ಅವರ ಕುರ್ಚಿಯೇ ಹೋಯಿತು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಿರಬಹುದು, ಆದರೆ ಖಾಸಗಿ ಫೋನಿಗೆ ಮುದ್ರೆ ಇಲ್ಲ, ಪ್ರತಿ ಇಲ್ಲ, ಗೌರವದ ಗೋಡೆ ಇಲ್ಲ. ಜುಲೈ 23ರಂದು ನೆಲಬಾಂಬ್ ಸಿಡಿದು ಥಾಯ್ ಸೈನಿಕರು ಗಾಯಗೊಂಡರು. ಅವತ್ತೇ ಥಾಯ್ಲೆಂಡ್ ತನ್ನ ರಾಯಭಾರಿಯನ್ನು ವಾಪಸು ಕರೆಸಿಕೊಂಡು, ಕಾಂಬೋಡಿಯಾ ರಾಯಭಾರಿಯನ್ನು ಹೊರಗೆ ಕಳಿಸುವುದಾಗಿ ಹೇಳಿತು. ಮಾರನೇ ಬೆಳಗ್ಗೆ ರಾಕೆಟ್, ಫಿರಂಗಿ, ಎಫ್-16. ಐದು ದಿನ. ಲಕ್ಷಾಂತರ ಜನ ಮನೆ ಬಿಟ್ಟು ಓಡಿದರು. ಮಲೇಷ್ಯಾದಲ್ಲಿ ಕೂತು ಕದನ ವಿರಾಮ ಆಯಿತು, ಡಿಸೆಂಬರ್‌ನಲ್ಲಿ ಮತ್ತೆ ಹೊಡೆದಾಟ. ರಾಯಭಾರಿಗಳನ್ನು ಕಳಿಸಿದ್ದಕ್ಕೇ ಯುದ್ಧ ಆಯಿತು ಅಂತಲ್ಲ. ಆದರೆ ಮಾತಾಡಬೇಕಾದ ದಿನ ಮಾತಾಡುವ ಮನುಷ್ಯರೇ ಊರಲ್ಲಿ ಇರಲಿಲ್ಲ.

ನಮ್ಮ ಟಿವಿಗಳಲ್ಲಿ ಪ್ರತಿ ಘಟನೆಗೂ ರಾಯಭಾರಿಯನ್ನು ಓಡಿಸಿ ಅಂತ ಕೂಗುವವರು ಇದನ್ನು ಸ್ವಲ್ಪ ನೋಡಬೇಕು. ಪಾಕಿಸ್ತಾನದ ವಿಷಯದಲ್ಲಿ 2019ರ ಆಗಸ್ಟ್‌ನಿಂದ ಎರಡೂ ಕಡೆ ಹೈಕಮಿಷನರ್ (ಕಾಮನ್‌ವೆಲ್ತ್ ದೇಶಗಳ ನಡುವೆ ರಾಯಭಾರಿಗೆ ಇರುವ ಹೆಸರು) ಇಲ್ಲ. ಹಾಗಾಗಿಯೇ 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿ ಆದಾಗ ರಾತ್ರೋರಾತ್ರಿ ಕರೆಸಲು ಇದ್ದದ್ದು ಚಾರ್ಜ್ ಡಿ ಅಫೇರ್ಸ್, ಅಂದರೆ ಹೈಕಮಿಷನರ್ ಇಲ್ಲದಾಗ ಕಚೇರಿ ನೋಡಿಕೊಳ್ಳುವ ಅಧಿಕಾರಿ ಮಾತ್ರ. ಸಿಟ್ಟು ನ್ಯಾಯವಾದದ್ದೇ. ಆದರೆ ಮೇಲಿನ ಹಂತಗಳು ಆಗಲೇ ಖರ್ಚಾಗಿದ್ದವು.

ಇಷ್ಟೆಲ್ಲ ಬರೆದದ್ದು ನಿಮ್ಮಿಂದ ಒಂದು ಕೆಲಸ ಆಗಲಿ ಅಂತ. ತೀವ್ರ ಪ್ರತಿಭಟನೆ ಅಂತ ಇನ್ನು ಮುಂದೆ ಸುದ್ದಿ ಹಾಕುವಾಗ ಯಾರನ್ನು ಯಾರು ಕರೆಸಿದರು ಅಂತ ಹುದ್ದೆ ಸಮೇತ ಹಾಕಿ. ನಾವು ಕೇಳಿದ್ದು ಏನು ಅಂತ ಹಾಕಿ, ಕ್ಷಮೆಯಾ, ಪರಿಹಾರವಾ, ತನಿಖೆಯಾ, ಬರೀ ದಾಖಲೆಗಾ. ಎಲ್ಲಕ್ಕಿಂತ ಮುಖ್ಯವಾಗಿ, ಆಮೇಲೆ ಏನಾಯಿತು ಅಂತ ಹಾಕಿ. 2025ರ ಜನವರಿ 28ರಂದು ಡೆಲ್ಫ್ಟ್ ದ್ವೀಪದ ಹತ್ತಿರ ಶ್ರೀಲಂಕಾ ನೌಕಾಪಡೆ ನಮ್ಮ 13 ಮೀನುಗಾರರನ್ನು ಹಿಡಿಯುವಾಗ ಗುಂಡು ಹಾರಿಸಿ ಐವರಿಗೆ ಗಾಯವಾಗಿತ್ತು. ದಿಲ್ಲಿಯಲ್ಲಿ ಅವರ ಹಂಗಾಮಿ ಹೈಕಮಿಷನರ್ ಅವರನ್ನು ಕರೆಸಿದರು, ಕೊಲಂಬೊದಲ್ಲೂ ನಮ್ಮವರು ವಿಷಯ ಎತ್ತಿದರು. ಅಷ್ಟು ಎಲ್ಲ ಪೇಪರಿನಲ್ಲೂ ಬಂತು. ಗುಂಡು ಹಾರಿಸಿದವರನ್ನು ಯಾರಾದರೂ ವಿಚಾರಿಸಿದರಾ, ಗಾಯಗೊಂಡವರಿಗೆ ಏನು ಸಿಕ್ಕಿತು ಅಂತ ತಿಳಿಯಬೇಕಾದರೆ ಓದುಗ ಎಲ್ಲಿ ಹುಡುಕಬೇಕು?

ಸರ್ಕಾರ ಎಲ್ಲವನ್ನೂ ಹೇಳುವುದಿಲ್ಲ, ಹೇಳಲೂಬಾರದು, ಅದು ನನಗೂ ಗೊತ್ತು. ಆದರೆ ಸಂಸತ್ತಿನಲ್ಲಿ ಲಿಖಿತ ಪ್ರಶ್ನೆ ಕೇಳಿದರೆ ವಿದೇಶಾಂಗ ಸಚಿವಾಲಯ ಉತ್ತರ ಕೊಡಲೇಬೇಕು. ಕರ್ನಾಟಕದಿಂದ ಲೋಕಸಭೆಗೆ 28, ರಾಜ್ಯಸಭೆಗೆ 12 ಮಂದಿ ಹೋಗಿದ್ದಾರೆ. ಕಳೆದ ಐದು ವರ್ಷದಲ್ಲಿ ಎಷ್ಟು ಪ್ರತಿಭಟನೆ ದಾಖಲಾಯಿತು, ಎಷ್ಟಕ್ಕೆ ಲಿಖಿತ ಉತ್ತರ ಬಂತು ಅಂತ ಅವರಲ್ಲಿ ಒಬ್ಬರಾದರೂ ಕೇಳಬಹುದು. ನಿಮ್ಮ ದಿಲ್ಲಿ ವರದಿಗಾರರು ಅವರಿಗೆ ನೆನಪಿಸಬಹುದು. ಉತ್ತರ ಬಂದ ದಿನ ಮುಖಪುಟ ಬೇಡ, ಒಳಪುಟದಲ್ಲಿ ನಾಲ್ಕು ಸಾಲು ಹಾಕಿ.

ಇಂತಿ,
ನಿಮ್ಮ ಹಳೇ ಓದುಗ
ತಿಪಟೂರು